ಪೂವಕ್ಕನ ಬಿಸ್ಕತ್ತು

ದೇಜಪ್ಪನ ಆ ದಿನದ ಫಜೀತಿಗೆಲ್ಲ ಕಾರಣ ಒಂದು ಶುಂಠಿ ಬಿಸ್ಕತ್ತು. ಅದೂ ಮುರಿದದ್ದು.

ಕತಾರಿನ ಲುಸೈಲ್‌ನ ಥಾರ್ನ್‌ಬೆರಿ ಸೂಪರ್‌ಮಾರ್ಕೆಟ್ಟಿನಲ್ಲಿ ಮುರಿದ ಬಿಸ್ಕತ್ತನ್ನು ಮಾರುವ ಹಾಗಿಲ್ಲ. ಅದು ಕೆಲಸದವರ ಕ್ಯಾಂಟೀನಿಗೆ ಬರುತ್ತದೆ. ಬೆಳಿಗ್ಗೆ ಏಳೂವರೆಗೆ ದೇಜಪ್ಪ ಆ ತುಂಡನ್ನು ಚಹಾದಲ್ಲಿ ಅದ್ದುತ್ತ ಗೋಡೆಯ ಮೇಲಿನ ನೋಟೀಸನ್ನು ಮತ್ತೊಮ್ಮೆ ಓದಿದ. ಇಂಗ್ಲೆಂಡಿನ ಈ ಕಂಪೆನಿಗೆ ಬರುವ ವರ್ಷ ನೂರು ತುಂಬುತ್ತದೆ. ಕಂಪೆನಿಯ ಬಗ್ಗೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದು ಎಂಟು ಗಂಟೆಯೊಳಗೆ ಡಬ್ಬಕ್ಕೆ ಹಾಕಬೇಕು. ಗೆದ್ದವರಿಗೆ ತಮಗೆ ಬೇಕಾದ ವಿಭಾಗದಲ್ಲಿ ಕೆಲಸ.

ಈ ಕೊನೆಯ ಸಾಲಿನ ಮೇಲೆಯೇ ದೇಜಪ್ಪನ ಕಣ್ಣು. ಮೂಲ್ಕಿ ಕಡೆಯ ಈ ಮನುಷ್ಯ ಏಳು ವರ್ಷದಿಂದ ಕೋಲ್ಡ್ ಸ್ಟೋರಿನಲ್ಲಿದ್ದ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿಗೆ ಇಡೀ ಕತಾರ್ ಬೇಯುತ್ತಿದ್ದರೆ, ಅವನು ಉಣ್ಣೆ ಟೊಪ್ಪಿ ಹಾಕಿ, ಹಾಸಿಗೆಯಷ್ಟು ದಪ್ಪದ ಕೋಟು ತೊಟ್ಟು, ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಬಟಾಣಿ ಪೆಟ್ಟಿಗೆಗಳನ್ನು ಎತ್ತಿಡುತ್ತಿದ್ದ. ರಜೆಯಲ್ಲಿ ಊರಿಗೆ ಹೋದಾಗ ಯಾರಾದರೂ “ಗಲ್ಫಿನಲ್ಲಿ ಸೆಕೆ ಹೇಗೆ?” ಎಂದು ಕೇಳಿದರೆ ಏನು ಹೇಳುವುದೆಂದು ಅವನಿಗೆ ತೋಚುತ್ತಿರಲಿಲ್ಲ. ಎರಡು ವರ್ಷದಿಂದ ಮೊಣಕಾಲು ಬೇರೆ ಹಿಡಿದುಕೊಂಡಿತ್ತು. ಥಂಡಿಯಿಂದ ದೂರ ಇರಿ ಎಂದಿದ್ದರು ಡಾಕ್ಟರು. ಚಹಾ-ಬಿಸ್ಕತ್ತಿನ ವಿಭಾಗಕ್ಕೆ ಹಾಕಿ ಎಂದು ಅವನು ಮೂರು ಅರ್ಜಿ ಕೊಟ್ಟಿದ್ದ. ಮೂರಕ್ಕೂ ಉತ್ತರವಿಲ್ಲ.

“ನೀವು ಎಂಥ ಬರೆದಿರಿ ಬ್ಯಾರಿಗಳೇ?” ಎಂದು ಎದುರಿಗೆ ಕೂತಿದ್ದ ಮಹಮೂದನನ್ನು ಕೇಳಿದ. ಮಹಮೂದ್ ಮೀನಿನ ವಿಭಾಗದವನು, ಉಳ್ಳಾಲದವನು. ಅಲ್ ಸದ್ದ್‌ನಲ್ಲಿ ಇಬ್ಬರದೂ ಒಂದೇ ಫ್ಲ್ಯಾಟು.

“ನಾನಾ? ಮೊದಲನೇ ಥಾರ್ನ್‌ಬೆರಿ ಲೀಡ್ಸ್ ಪೇಟೆಯಲ್ಲಿ ಕೈಗಾಡಿ ದೂಡ್ತಿದ್ದ ಅಂತ.”

“ಅದು ನಮ್ಮ ಚೀಲದ ಮೇಲೆಯೇ ಪ್ರಿಂಟ್ ಉಂಟಲ್ಲ ಮಾರಾಯ್ರೆ!”

“ಚೀಲ ಯಾರು ಓದ್ತಾರೆ?”

ಬೇಕರಿಯ ಅಗಾತಾ ಬಾಯಿ ತನ್ನ ಚೀಟಿ ಮಡಚುತ್ತ ಹೇಳಿದಳು: “ನನ್ನದು ಒಳ್ಳೇದುಂಟು. ಅಂಗಡಿ ಬೋರ್ಡಿಗೆ ಹಸಿರು ಬಣ್ಣ ಯಾಕೆ ಗೊತ್ತುಂಟಾ? ರೈಲ್ವೆಯವರು ಬಳಿದು ಉಳಿದ ಪೇಂಟು ಅವನಿಗೆ ಸಸ್ತಕ್ಕೆ ಸಿಕ್ಕಿತ್ತಂತೆ. ದೇಜಪ್ಪಣ್ಣ, ನೀವೂ ಎಂಥಾದ್ರೂ ಬರೀರಿ. ಎಂಟಾಗ್ಲಿಕ್ಕೆ ಹತ್ತೇ ನಿಮಿಷ.”

ದೇಜಪ್ಪ ಬಿಸ್ಕತ್ತಿನ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡ. ಶುಂಠಿ, ಬೆಲ್ಲದಂಥ ಸಿಹಿ, ಕೊನೆಗೆ ಗಂಟಲಲ್ಲಿ ಒಂದಿಷ್ಟು ಕಾಳುಮೆಣಸಿನ ಉರಿ. ಥಂಡಿಯಾದಾಗ ಅವನ ಅಜ್ಜಿ ಪೂವಕ್ಕ ಮಾಡಿಕೊಡುತ್ತಿದ್ದ ಕಷಾಯವೇ ಗಟ್ಟಿಯಾಗಿ ಬಿಸ್ಕತ್ತಾದ ಹಾಗಿತ್ತು. ಅವನ ಕೈ ತಾನಾಗಿ ಪೆನ್ನು ಹಿಡಿಯಿತು.

‘ಥಾರ್ನ್‌ಬೆರಿಯ ಶುಂಠಿ ಬಿಸ್ಕತ್ತು ಇಂಗ್ಲಿಷರದ್ದಲ್ಲ. ಮಕ್ಕಳನ್ನು ನೋಡಿಕೊಳ್ಳಲು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದ ಮಂಗಳೂರಿನ ಆಯಾ ಒಬ್ಬಳು ಅದನ್ನು ಕಲಿಸಿದಳು. ಹೆಸರು ಪೂವಕ್ಕ. ಗುಟ್ಟು: ಬೆಲ್ಲ ಮತ್ತು ಕಾಳುಮೆಣಸು.’

ಇಂಗ್ಲಿಷಿನಲ್ಲಿ ಬರೆದಾಗ ಅದು ಇನ್ನೂ ನಿಜವೆಂಬಂತೆ ಕಂಡಿತು.

ಒಂಬತ್ತೂವರೆಗೆ ಮ್ಯಾನೇಜರ್ ಇಮ್ತಿಯಾಝ್ ಕೋಲ್ಡ್ ಸ್ಟೋರಿಗೆ ನುಗ್ಗಿದರು. ಏಳು ವರ್ಷದಲ್ಲಿ ಅವರು ಆ ಬಾಗಿಲು ದಾಟಿದ್ದು ಅದೇ ಮೊದಲು. ತಮ್ಮದೇ ಬಿಸಿ ಉಸಿರಿಗೆ ಕನ್ನಡಕಕ್ಕೆ ಮಂಜು ಕಟ್ಟಿ, ಅವರು ಬಟಾಣಿಯ ಪೆಟ್ಟಿಗೆಯೊಂದನ್ನೇ ದೇಜಪ್ಪನೆಂದುಕೊಂಡು ಮಾತಾಡತೊಡಗಿದರು.

“ಭೇಷ್ ದೇಜಪ್ಪ! ಅರುವತ್ತು ಚೀಟಿಯಲ್ಲಿ ಐವತ್ತನಾಲ್ಕು ಕೈಗಾಡಿಯದ್ದೇ. ಹೊಸತು ಅಂತ ಇರೋದು ನಿನ್ನದೊಂದೇ. ಲಂಡನ್ ಆಫೀಸಿನ ಬ್ರೆಂಡಾ ಮೇಡಂ ನಾಲ್ಕು ಗಂಟೆಗೆ ಬರ್ತಾರೆ. ಅವರೆದುರು ನೀನೇ ಹೇಳ್ಬೇಕು.”

“ಸಾರ್, ಅದು ಎಂಥ ಅಂದ್ರೆ...” ಎಂದು ದೇಜಪ್ಪ ಇನ್ನೊಂದು ಬದಿಯಿಂದ ಹೇಳಹೊರಟ.

“ಮೇಡಂ ಖುಷಿಯಾದ್ರೆ ನಾಳೆಯಿಂದಲೇ ನೀನು ಚಹಾ ವಿಭಾಗ. ಖಲಾಸ್!”

ದೇಜಪ್ಪನ ಬಾಯಿಗೆ ಬಂದಿದ್ದ ಸತ್ಯ ಅಲ್ಲೇ ಹೆಪ್ಪುಗಟ್ಟಿತು.

ಹನ್ನೊಂದಕ್ಕೆ ಅವನು ನೀರು ಕುಡಿಯಲು ಹೊರಗೆ ಬಂದಾಗ, ಅಗಾತಾ ಬಾಯಿ ಗಿರಾಕಿಗಳಿಗೆ ಬ್ರೆಡ್ಡಿನ ಜೊತೆ ಪೂವಕ್ಕನ ಕತೆಯನ್ನೂ ಕಟ್ಟಿಕೊಡುತ್ತಿದ್ದಳು. ಅವಳ ಬಾಯಲ್ಲಿ ಪೂವಕ್ಕನಿಗೆ ರಾಣಿಯ ಅರಮನೆಯಿಂದಲೂ ಕರೆ ಬಂದಿತ್ತು.

“ಬಾಯಿ, ದಮ್ಮಯ್ಯ, ಅರಮನೆ ಬೇಡ!” ಎಂದು ದೇಜಪ್ಪ ಕೈಮುಗಿದ.

“ಇರ್ಲಿ ದೇಜಪ್ಪಣ್ಣ. ನಮ್ಮ ಊರಿನ ಹೆಂಗಸಿಗೆ ಅಷ್ಟೂ ಮರ್ಯಾದೆ ಬೇಡವಾ?”

ಹನ್ನೆರಡಕ್ಕೆ ಊಟಕ್ಕೆಂದು ಹೊರಗೆ ಬಂದಾಗ ದೋಹಾದಲ್ಲಿರುವ ಊರಿನವರ ಸಂಘದ ಅಧ್ಯಕ್ಷರ ಫೋನು ಬಂತು. ಸುದ್ದಿ ವಾಟ್ಸಾಪಿನಲ್ಲಿ ದೋಹಾವನ್ನೆಲ್ಲ ಸುತ್ತಿಯಾಗಿತ್ತು. ಶುಕ್ರವಾರ ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಕಮಿಟಿ ತೀರ್ಮಾನಿಸಿತ್ತು. “ತಲೆಯ ಅಳತೆ ಹೇಳಿ” ಎಂದರು ಅಧ್ಯಕ್ಷರು. ಆ ಹೊತ್ತಿಗೆ ತನಗೆ ತಲೆ ಇದೆಯೆಂಬುದರ ಬಗ್ಗೆಯೇ ದೇಜಪ್ಪನಿಗೆ ಅನುಮಾನವಿತ್ತು.

ಒಂದೂವರೆಗೆ ಮ್ಯಾನೇಜರು ಪೂವಕ್ಕನ ಫೋಟೋ ಬೇಕೆಂದರು. ಇಲ್ಲ ಎನ್ನುವಷ್ಟರಲ್ಲಿ ಮಹಮೂದ್ ನಡುವೆ ಬಾಯಿ ಹಾಕಿದ: “ಉಂಟು ಸಾರ್! ಇವನ ಅಜ್ಜಿಯ ಹೆಸರೂ ಅದೇ. ಒಂದೇ ಕುಟುಂಬ ಇರ್ಬೇಕು. ಮನೆಯಿಂದ ತರಿಸುವಾ.”

ದೇಜಪ್ಪ ಅವನ ಕಾಲು ತುಳಿದ. ಮೀನಿನವರ ಗಮ್‌ಬೂಟಿಗೆ ಅದು ತಾಗಲಿಲ್ಲ.

ಊರಿನಿಂದ ಮಗಳು ತೃಷಾ ಐದು ನಿಮಿಷದಲ್ಲಿ ಫೋಟೋ ಕಳಿಸಿದಳು. ಅಜ್ಜಿಯದ್ದೆಂದು ಮನೆಯಲ್ಲಿ ಉಳಿದಿದ್ದದ್ದು ಮತದಾರರ ಗುರುತಿನ ಚೀಟಿಯ ಫೋಟೋ ಒಂದೇ. ಕ್ಯಾಮೆರಾದವನ ಮೇಲೆ ಸಿಟ್ಟುಮಾಡಿಕೊಂಡಂತೆ ಅಜ್ಜಿ ನೆಟ್ಟಗೆ ನೋಡುತ್ತಿದ್ದಳು. ಮ್ಯಾನೇಜರು ಅದನ್ನು ಕಂಪ್ಯೂಟರಿನಲ್ಲಿ ಕಂದು ಬಣ್ಣಕ್ಕೆ ತಿರುಗಿಸಿ, “ನೂರು ವರ್ಷ ಹಿಂದೆ ಹೋಯ್ತು ನೋಡು” ಎಂದು ಬೀಗಿದರು.

ನಾಲ್ಕಕ್ಕೆ ಬ್ರೆಂಡಾ ಮೇಡಂ ಬಂದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಹೆಂಗಸು. ಕೆಲಸದವರೆಲ್ಲ ಸಾಲಾಗಿ ನಿಂತಿದ್ದರು. ದೇಜಪ್ಪ ಮೈಕಿನ ಮುಂದೆ ಬಂದ. ಹಿಂದಿನ ಪರದೆಯ ಮೇಲೆ ಅಜ್ಜಿ ಮೂಡಿದಳು, ಹತ್ತಡಿ ಎತ್ತರದಲ್ಲಿ.

ದೇಜಪ್ಪ ತಿರುಗಿ ನೋಡಿದ. ಚಿಕ್ಕವನಿದ್ದಾಗ ಬೆಲ್ಲ ಕದ್ದು, ಇಲ್ಲವೆಂದು ಆಣೆ ಹಾಕಿದ ದಿನ ಅಜ್ಜಿ ಹೀಗೆಯೇ ನೋಡಿದ್ದಳು. ಇನ್ನು ಅವನಿಂದ ಆಗಲಿಲ್ಲ.

“ಮೇಡಂ, ಕ್ಷಮಿಸಿ,” ಎಂದ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ. “ಎಲ್ಲ ಸುಳ್ಳು. ಇವಳು ನನ್ನ ಅಜ್ಜಿ. ಮೂಲ್ಕಿ ಹೊಳೆ ದಾಟಿದ್ದೇ ಎರಡು ಸಲ. ಚಹಾ ವಿಭಾಗದ ಆಸೆಗೆ ನಾನೇ ಕತೆ ಕಟ್ಟಿದೆ.”

“ಸೈಬಾ, ದೇವರೇ!” ಎಂದು ಅಗಾತಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು. ಇಮ್ತಿಯಾಝ್ ನಿಂತಲ್ಲೇ ಕುಗ್ಗಿ ಅರ್ಧ ಆದರು. ದೇಜಪ್ಪನಿಗೆ ಮಾತ್ರ ಏಳು ವರ್ಷದಲ್ಲಿ ಮೊದಲ ಬಾರಿಗೆ ಮೈ ಬೆಚ್ಚಗಾದಂತಾಯಿತು. ಹೋದರೆ ಕೆಲಸ ಹೋಗಲಿ, ಊರಿನಲ್ಲಿ ಬಿಸಿಲಾದರೂ ಇದೆ ಎಂದುಕೊಂಡ.

ಬ್ರೆಂಡಾ ಮೇಡಂ ಮಾತ್ರ ನಗಲೂ ಇಲ್ಲ, ಸಿಡುಕಲೂ ಇಲ್ಲ. ಅವರ ಮುಖ ಬಿಳಿಚಿತ್ತು. ದೇಜಪ್ಪನನ್ನೂ ಮ್ಯಾನೇಜರನ್ನೂ ಆಫೀಸಿಗೆ ಕರೆದು, ಬಾಗಿಲು ಹಾಕಿ, ಚೀಲದಿಂದ ಒಂದು ಕಡತ ತೆಗೆದರು. ಅದರಲ್ಲಿ ಹಳೆಯ ದಿನಚರಿಯೊಂದರ ಪುಟದ ನಕಲು.

“ಇದು ಮೊದಲನೇ ಥಾರ್ನ್‌ಬೆರಿಯ ಹೆಂಡತಿ ಬರೆದದ್ದು,” ಎಂದರು. “ಅವಳ ಅಪ್ಪ ಮಂಗಳೂರಿನ ಬಂದರಿನಲ್ಲಿ ಕಾಫಿ ವ್ಯಾಪಾರ ಮಾಡುತ್ತಿದ್ದರು. ಅವರು ಇಂಗ್ಲೆಂಡಿಗೆ ವಾಪಸು ಬರುವಾಗ, ಆಗಿನ್ನೂ ಮಗುವಾಗಿದ್ದ ಇವಳ ಜೊತೆ ಒಬ್ಬಳು ಆಯಾ ಬಂದಿದ್ದಳು. ಶುಂಠಿ ಬಿಸ್ಕತ್ತು ಕಲಿಸಿದ್ದು ಅವಳೇ. ಬೆಲ್ಲ, ಕಾಳುಮೆಣಸು, ಎಲ್ಲ ಇಲ್ಲಿದೆ. ನೂರನೇ ವರ್ಷದ ದೊಡ್ಡ ಜಾಹೀರಾತಿಗೆಂದು ಇದನ್ನು ಗುಟ್ಟಾಗಿ ಇಟ್ಟಿದ್ದೆವು. ಲಂಡನ್ನಿನಲ್ಲಿ ಗೊತ್ತಿರುವುದು ಮೂರೇ ಜನಕ್ಕೆ.”

ಮೇಡಂ ಆ ಪುಟವನ್ನು ದೇಜಪ್ಪನ ಮುಂದೆ ಸರಿಸಿದರು.

“ದಿನಚರಿಯಲ್ಲಿ ಆಯಾಳ ಹೆಸರಿಲ್ಲ. ಬರೀ ‘ಪಿ’ ಎಂದಿದೆ. ಒಂದು ವರ್ಷದಿಂದ ಆ ಹೆಸರು ಹುಡುಕುತ್ತಿದ್ದೇವೆ. ನಿಮ್ಮ ಚೀಟಿಯಲ್ಲಿ ಪೂರ್ತಿ ಹೆಸರಿದೆ. ನಮ್ಮ ಹತ್ತಿರ ಇಲ್ಲದ ಪುಟ ನಿಮಗೆ ಕೊಟ್ಟವರು ಯಾರು?”

“ಯಾರೂ ಕೊಡಲಿಲ್ಲ ಮೇಡಂ! ನನ್ನ ತಲೆಯಿಂದ ಬಂದದ್ದು. ದೇವರಾಣೆಗೂ ಸುಳ್ಳು!”

“ಬೆಳಿಗ್ಗೆ ಬರೆದದ್ದನ್ನು ಸಂಜೆ ಎಲ್ಲರೆದುರು ಅಲ್ಲಗಳೆಯುತ್ತೀರಿ,” ಎಂದರು ಮೇಡಂ ಕನಿಕರದಿಂದ. “ಅಂದರೆ ಯಾರನ್ನೋ ಉಳಿಸುತ್ತಿದ್ದೀರಿ. ನೀವು ಒಳ್ಳೆಯವರು ಎಂಬುದು ಮುಖದಲ್ಲೇ ಕಾಣುತ್ತದೆ. ಆದರೆ ವಿಚಾರಣೆ ಆಗಲೇಬೇಕು.”

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ದೇಜಪ್ಪ ಕಂಡಿದ್ದ. ತಾನು ಹೇಳಿದ್ದು ಸುಳ್ಳೇ ಎಂದು ಸಾಬೀತು ಮಾಡಲಾಗದೆ ಸಿಕ್ಕಿಬಿದ್ದವನು ಬಹುಶಃ ಇವನೊಬ್ಬನೇ.

ಮೇಡಂ ಹೋದ ಮೇಲೆ ಇಮ್ತಿಯಾಝ್ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತರು.

“ನಾನು ತುಂಬ ಹೇಳಿ ನೋಡಿದೆ ದೇಜಪ್ಪ. ಕೆಲಸಕ್ಕೆ ತೊಂದರೆ ಇಲ್ಲ. ಆದ್ರೆ ವಿಚಾರಣೆ ಮುಗಿಲಿಕ್ಕೆ ಒಂದು ವರ್ಷ ಬೇಕಂತೆ. ಅಲ್ಲಿವರೆಗೆ ನಿನ್ನನ್ನು ಕಾಗದ-ಪತ್ರ, ಕಂಪ್ಯೂಟರ್ ಇಲ್ಲದ, ಫೋನಿಗೆ ರೇಂಜೂ ಸಿಗದ ಜಾಗದಲ್ಲಿ ಇಡ್ಬೇಕು ಅಂತ ಮೇಡಂ ಬರೆದು ಹೋಗಿದ್ದಾರೆ. ಅಂಥ ಜಾಗ ಎಲ್ಲುಂಟು ಅಂತ ಕೇಳಿದ್ರು.”

“ನೀವೆಂಥ ಹೇಳಿದ್ರಿ ಸಾರ್?”

ಇಮ್ತಿಯಾಝ್ ಮೆಲ್ಲಗೆ ಕೋಲ್ಡ್ ಸ್ಟೋರಿನ ಕಡೆ ಬೆರಳು ತೋರಿಸಿದರು. ದೇಜಪ್ಪ ಮೊಣಕಾಲು ಒತ್ತಿ ಹಿಡಿದು ಮೆಲ್ಲನೆ ಎದ್ದ. ಉಣ್ಣೆ ಟೊಪ್ಪಿಯನ್ನು ಕಿವಿಯ ತನಕ ಎಳೆದುಕೊಂಡ.