ಎರಡು ಸರ್ಕಾರ, ಒಬ್ಬ ಅತ್ತಿಗೆ

ನನ್ನ ಅತ್ತಿಗೆಯ ಕೈಗೆ ಒಮ್ಮೆ ಕೂಸು ಕೊಟ್ಟವರು ಎರಡನೆಯ ಸಲ ಕೊಡುವುದಿಲ್ಲ. ಎತ್ತಿ ಹಾಕುತ್ತಾರೆಂದಲ್ಲ; ಎತ್ತಿಕೊಂಡು ಸತ್ಯ ಹೇಳುತ್ತಾರೆಂದು!

ಆ ಮಂಗಳವಾರ ಬೆಳಿಗ್ಗೆ ನಾನು ಎಂದಿನಂತೆ ಹಾಲು ಒಲೆಗಿಟ್ಟು, ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟು, ಪಾಂಡವಪುರದ ನಮ್ಮ ಬೀದಿಗೆ ಬರುವ ಸೊಪ್ಪಿನವಳ ಬುಟ್ಟಿಯಲ್ಲಿ ದಂಟು ಎಳೆಯದೋ ಬಲಿತದ್ದೋ ಎಂದು ಉಗುರಿನಿಂದ ಚಿವುಟಿ ನೋಡುತ್ತಿದ್ದೆ. ಗೇಟು ಧಡಾರೆಂದಿತು. ಅತ್ತಿಗೆ! ಅಂದರೆ ನನ್ನ ಗಂಡನ ಅಕ್ಕ; ಪಕ್ಕದ ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಸೀರೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಆದರೆ ಓಲೆ ಒಂದೇ ಕಿವಿಯಲ್ಲಿತ್ತು.

"ಇನ್ನೂ ಸೊಪ್ಪು ಚಿವುಟ್ತಾ ನಿಂತಿದ್ದೀಯಲ್ಲಮ್ಮಿ! ಒಂಬತ್ತಕ್ಕೆ ಕೆ.ಆರ್. ಪೇಟೆ ಬಸ್ಸು."

"ಈಗಿನ್ನೂ ಆರೂವರೆ, ಅತ್ತಿಗೆ."

"ಆರೂವರೆ ಆದ್ಮೇಲೆ ಒಂಬತ್ತೇ ಕಣಮ್ಮಿ!"

ಕಾಫಿ ಕೊಟ್ಟೆ. ಕುಳಿತು ಕುಡಿದರೆ ತಾನೇ? ಲೋಟ ಹಿಡಿದು ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ಹಿತ್ತಲಿಗೆ, ಮತ್ತೆ ಬೀದಿ ಬಾಗಿಲಿಗೆ. ಅವರ ಹಿಂದೆ ಕಾಫಿಯ ಹನಿ, ಹನಿಯ ಹಿಂದೆ ಒರೆಸುವ ಬಟ್ಟೆ ಹಿಡಿದ ನಾನು.

ಅವರ ತಳಮಳಕ್ಕೆ ಕಾರಣವಿತ್ತು. ಅಂದು ಕೆ.ಆರ್. ಪೇಟೆಯಲ್ಲಿ ಹೊಸದೊಂದು ಆ್ಯಪನ್ನು ಅಂಗನವಾಡಿಯವರಿಗೆ ತೋರಿಸುವವರಿದ್ದರು. ನಮ್ಮ ಸರ್ಕಾರ ಮತ್ತು ಪಕ್ಕದ ರಾಜ್ಯದ ಸರ್ಕಾರ ಎರಡೂ ಕೂಡಿ ಮಾಡಿಸಿದ್ದು. ಕಬ್ಬು ಕಡಿಯಲು, ಆಲೆಮನೆಯಲ್ಲಿ ಬೆಲ್ಲ ಕಾಯಿಸಲು ಗಡಿ ದಾಟಿ ಬಂದುಹೋಗುವವರ ಮಕ್ಕಳ ತೂಕ, ಚುಚ್ಚುಮದ್ದು ಎಲ್ಲವೂ ಇನ್ನು ಎರಡೂ ಕಡೆಯವರಿಗೆ ಕಾಣುತ್ತದಂತೆ. ಯಾವ ಊರಿಗೆ ಎಷ್ಟು ಮೊಟ್ಟೆ, ಎಷ್ಟು ಹಾಲಿನಪುಡಿ ಎಂಬುದನ್ನೂ ಅದನ್ನು ನೋಡಿಯೇ ತೀರ್ಮಾನಿಸುತ್ತಾರಂತೆ.

ನನ್ನ ಗಂಡ ಪೇಪರಿನ ಹಿಂದಿನಿಂದ ಕೆಣಕಿದರು. "ಅಕ್ಕಾ, ಕೆ.ಆರ್.ಎಸ್. ನೀರಿನ ಲೆಕ್ಕವನ್ನೇ ಎರಡು ಸರ್ಕಾರದವ್ರೂ ಒಪ್ಕೊಳ್ಳಲ್ಲ. ಮಕ್ಳ ತೂಕ ಒಪ್ಕೋತಾರಾ?"

"ನೀರು ಅರ್ದೋಯ್ತದೆ ಕಣ್ಲಾ. ಕೂಸು ತಕ್ಕಡಿ ಮ್ಯಾಲೆ ಕುಂತಿರ್ತದೆ. ಸುಮ್ಕೆ ಪೇಪರ್ ಓದು!"

ನಾನೇಕೆ ಹೋಗಬೇಕು ಎನ್ನುತ್ತೀರಾ? ಯಾರ ಭಾಷೆಯಲ್ಲಿರಬೇಕೆಂಬ ಜಗಳವೇ ಬೇಡವೆಂದು ಆ್ಯಪನ್ನು ಇಂಗ್ಲಿಷಿನಲ್ಲಿ ಮಾಡಿಬಿಟ್ಟಿದ್ದರು. ನಾನೋ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು. ಮದುವೆಯಾದ ಮೇಲೆ ಆ ಇಂಗ್ಲಿಷು ಔಷಧಿ ಬಾಟಲಿಯ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ಅಂತೂ ಅದಕ್ಕೊಂದು ಸರ್ಕಾರಿ ಕೆಲಸ ಸಿಕ್ಕಿತು!

ಅತ್ತಿಗೆಗೆ ಹೆಸರುಗಳು ನೆನಪಿರುವುದಿಲ್ಲ. ನನ್ನ ಮಗನನ್ನು ಇವತ್ತಿಗೂ ಮೂರು ತಪ್ಪು ಹೆಸರಿನಿಂದ ಕರೆದ ಮೇಲೆಯೇ ಸರಿಯಾದದ್ದಕ್ಕೆ ಬರುತ್ತಾರೆ. ಆದರೆ ಹುಟ್ಟಿದ ದಿನ ಅವನು ಎರಡು ಮುಕ್ಕಾಲು ಕೇಜಿ ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲರು. ಯಾವ ಮಗುವನ್ನಾದರೂ ಎತ್ತಿಕೊಂಡರೆ ಸಾಕು, ಕೈಯೇ ತಕ್ಕಡಿ. ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ಮದುವೆ. ಗಂಡಿನ ಕಡೆಯ ಅಜ್ಜಿಯೊಬ್ಬರು ಹೆಮ್ಮೆಯಿಂದ ಮೊಮ್ಮಗಳನ್ನು ಇವರ ಕೈಗಿತ್ತರು. "ಏಳು ಕೇಜಿ ಇನ್ನೂರು," ಎಂದರು ಅತ್ತಿಗೆ, ಓಲಗ ನಿಂತ ಸರಿಯಾದ ಹೊತ್ತಿಗೆ, ಇಡೀ ಛತ್ರಕ್ಕೆ ಕೇಳುವಂತೆ. "ವರ್ಷ ತುಂಬಿದ ಕೂಸ್ಗೆ ಸಾಲ್ದು. ಏನ್ ಉಣ್ಣಿಸ್ತೀರಾ?"

ನಮ್ಮ ಕಡೆ ಮಗು ದಪ್ಪಗಾಗಿದೆ ಎಂದರೂ ದೃಷ್ಟಿ, ಸಣ್ಣಗಾಗಿದೆ ಎಂದರೂ ದೃಷ್ಟಿ. ಇನ್ನು ಗ್ರಾಮಿನ ಸಮೇತ ಹೇಳಿದರೆ? ಅಜ್ಜಿ ಕೂಸನ್ನು ಕಿತ್ತುಕೊಂಡು ಛತ್ರದ ಅಡುಗೆಮನೆಗೆ ನುಗ್ಗಿ, ಮೊರದಲ್ಲಿದ್ದ ಒಣಮೆಣಸಿನಕಾಯನ್ನೆಲ್ಲ ನಿವಾಳಿಸಿ ಬೆಂಕಿಗೆ ಹಾಕಿದರು. ಗಂಡಿನ ಕಡೆಯವರು ಕೆಮ್ಮುತ್ತ, ಹೆಣ್ಣಿನ ಕಡೆಯವರು ಕಣ್ಣೊರೆಸುತ್ತ ಧಾರೆ ಮುಗಿಯಿತು. ಮಧ್ಯಾಹ್ನದ ಸಾರಿಗೆ ಖಾರವೇ ಇರಲಿಲ್ಲ!

ಇನ್ನೊಮ್ಮೆ ನಾಗಮಂಗಲದ ಬಸ್ಸಿನಲ್ಲಿ ತಾಯಿಯೊಬ್ಬಳು ಮಗನಿಗೆ ಐದೇ ವರ್ಷವೆಂದು ಕಂಡಕ್ಟರಿಗೆ ಆಣೆ ಮಾಡುತ್ತಿದ್ದಳು. ಹಿಂದಿನ ಸೀಟಿನಿಂದ ಅತ್ತಿಗೆ ಎದ್ದರು. "ಬಾಯಿ ಬುಡು ಮಗ. ಮುಂದಿನ್ ಹಲ್ಲು ಎರಡೂ ಬಿದ್ದವೆ. ಇಪ್ಪತ್ತು ಕೇಜಿ ಅವ್ನೆ. ಏಳು ತುಂಬ್ಯದೆ, ಆಫ್ ಟಿಕೆಟ್ ಕೊಡಪ್ಪಾ." ತಾಯಿ ಇವರನ್ನು ಸುಟ್ಟುಬಿಡುವಂತೆ ನೋಡಿದಳು. ಹುಡುಗ ಮಾತ್ರ ಅವಮಾನ ತಾಳಲಾರದೆ, "ಏಳಲ್ಲ, ಎಂಟು!" ಎಂದ. ಟಿಕೆಟ್ಟಿನ ದುಡ್ಡನ್ನು ಕೊನೆಗೆ ಅತ್ತಿಗೆಯೇ ಕೊಟ್ಟರು.

ಆ ಮಂಗಳವಾರದ ಬಸ್ಸಿನಲ್ಲಿ ಮಾತ್ರ ಅವರು ಯಾರ ಮಗುವಿನ ತಂಟೆಗೂ ಹೋಗಲಿಲ್ಲ. ಎರಡು ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇದ್ದರು. ಚಿನಕುರಳಿ ದಾಟಿ, ಕಬ್ಬಿನ ಗದ್ದೆಗಳ ನಡುವೆ ಆಲೆಮನೆಯ ಹೊಗೆ ಕಾಣಿಸಿದಾಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಓದ್ ವರ್ಷ ನಮ್ಮೂರ್ ಆಲೆಮನೇಲಿ ಒಂದು ಎಣ್ಣು ಕೂಸಿತ್ತು ಕಣಮ್ಮಿ. ಅತ್ತಲಿಂದ ಬಂದೋರ್ದು. ಮೂರು ತಿಂಗ್ಳು ತೂಗಿದ್ದೆ. ಮೂರ್ನೇ ಸತಿ ಮುನ್ನೂರು ಗ್ರಾಮು ಇಳ್ದೋಗಿತ್ತು. ಅಷ್ಟು ಜನ ಎಂಗಸ್ರ ಮುಂದೆ ಆ ತಾಯಿಗೆ ಬೋದ್ಬುಟ್ಟೆ. ಏನ್ ತಾಯಿಯವ್ವಾ ನೀನು ಅಂದೆ. ಅವ್ಳಿಗೆ ಕನ್ನಡ ಬರಲ್ಲ. ಆದ್ರೆ ಬೈಗುಳ ಗೊತ್ತಾಗಲ್ವಾ? ಕೂಸ್ನ ಸೆರಗಲ್ಲಿ ಮುಚ್ಕೊಂಡ್ಳು. ಮಾರ್ನೆ ಬೆಳಿಗ್ಗೆ ನೋಡಿದ್ರೆ ಗುಡ್ಲು ಖಾಲಿ."

"ಕೆಲಸ ಮುಗಿದು ಹೋಗಿರಬೇಕು, ಅತ್ತಿಗೆ."

"ಆಲೆಮನೆಯೋನೂ ಅಂಗೇ ಅಂದ. ನನ್ ಬಾಯಿಗೆ ಎದ್ರಿ ಓಡೋದ್ರು ಅಂತ ನಂಗೊತ್ತು. ಆ ಕೂಸು ಬದ್ಕಿ ಅದೋ ಇಲ್ವೋ, ಅಷ್ಟು ತಿಳಿದ್ರೆ ಸಾಕು."

 ಕಂಬಿಯ ಮೇಲೆ ಅವರ ಬೆರಳುಗಳು ಒಂದೇ ಸಮನೆ ಕುಟ್ಟುತ್ತಿದ್ದವು.

ಸಭಾಂಗಣದ ಬಾಗಿಲಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು ನನ್ನನ್ನು ತಡೆದರು. "ಇವರು ಯಾರಮ್ಮ? ಪಟ್ಟಿಯಲ್ಲಿ ಇಲ್ಲವಲ್ಲ?"

"ನನ್ ಇಂಗ್ಲಿಷು ಸಾ," ಎಂದು ಅತ್ತಿಗೆ ನನ್ನನ್ನು ಒಳಗೆ ದಬ್ಬಿದರು.

ಮೇಜಿನ ಮೇಲೆ ಸಾಲಾಗಿ ಕಂಪ್ಯೂಟರುಗಳು. ನಮ್ಮ ತಾಲೂಕುಗಳಿಂದ ಗಡಿಯಾಚೆ ಹೋದ ಒಂದೊಂದು ಮಗುವಿಗೂ ಪರದೆಯ ಮೇಲೆ ಒಂದೊಂದು ಗೆರೆ: ತಿಂಗಳು ತಿಂಗಳ ತೂಕ ಏರಿಳಿದ ಗೆರೆ. ಹೋದ ವರ್ಷದ ರಿಜಿಸ್ಟರುಗಳಲ್ಲಿದ್ದದ್ದನ್ನೂ ಅದರೊಳಗೆ ತುಂಬಿದ್ದರು. ವಯಸ್ಸಿತ್ತು, ಹೆಣ್ಣೋ ಗಂಡೋ ಎಂದಿತ್ತು. ಹೆಸರೇ ಇರಲಿಲ್ಲ!

ಹೆಂಗಸರೆಲ್ಲ ಗದ್ದಲವೆಬ್ಬಿಸಿದರು. "ಎಸ್ರಿಲ್ದೆ ಎಂಗ್ ಸಾ ಗುರ್ತಿಡಿಯೋದು?"

"ಮಕ್ಕಳ ಗುರುತು ಗುಟ್ಟಾಗಿರಬೇಕಮ್ಮ. ಎರಡೂ ರಾಜ್ಯದವರು ಒಪ್ಪಿಕೊಂಡಿರುವ ಷರತ್ತು ಅದು. ಸರ್ಕಾರಕ್ಕೆ ತೂಕ ಸಾಕು, ಹೆಸರು ಬೇಡ."

ಎರಡು ಸರ್ಕಾರಗಳು ಅದೆಷ್ಟು ಸಭೆ ಸೇರಿ ಈ ಷರತ್ತು ಬರೆದವೋ, ನನ್ನ ಅತ್ತಿಗೆಯನ್ನು ಮುಂದೆ ಕೂರಿಸಿಕೊಂಡೇ ಬರೆದಂತಿತ್ತು!

ನಾನು ಗೆರೆಗಳನ್ನು ಒಂದೊಂದಾಗಿ ಸರಿಸುತ್ತ ಹೋದೆ. ಅತ್ತಿಗೆ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. "ಇದಲ್ಲ. ಇದೂ ಅಲ್ಲ. ಇದು ಚೆನ್ನಾಗಿ ಉಂಡಿರೋ ಕೂಸು. ಮುಂದಕ್ಕೋಗು." ಪಕ್ಕದ ಮೇಜಿನವರು ಊಟಕ್ಕೆ ಎದ್ದರು. ನಾವು ಏಳಲಿಲ್ಲ. ನನ್ನ ಕಣ್ಣು ಉರಿಯುತ್ತಿತ್ತು. ಅವರ ಉಸಿರು ನನ್ನ ಕಿವಿಗೆ ಬಿಸಿಯಾಗಿ ತಾಗುತ್ತಿತ್ತು.

"ನಿಲ್ಲಮ್ಮಿ."

ನಾನು ಓದುವ ಮೊದಲೇ ಅವರು ಹೇಳಿದರು. "ಆರು ಮುನ್ನೂರು. ಆರು ಆರ್ನೂರು. ಆಮೇಲೆ ತಿರ್ಗ ಆರು ಮುನ್ನೂರು. ಅಲ್ವಾ?"

ಹೌದು. ಮೂರೂ ಹಾಗೆಯೇ ಇತ್ತು. ಅಧಿಕಾರಿಯೂ ಬಂದು ನಿಂತರು. "ಇದೇ ಮಗು ಅಂತ ಹೇಗೆ ಹೇಳ್ತೀರಮ್ಮ?"

"ತೂಗಿದ್ ಕೈ ನಂದು ಸಾ."

ಆಮೇಲೆ ಎರಡು ತಿಂಗಳು ಖಾಲಿ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಮುಂದಕ್ಕೆ ಓದು. ಏನಿದ್ರೂ ಓದು."

ಓದಿದೆ. ಗಡಿಯಾಚೆಯ ಯಾವುದೋ ಊರಿನಲ್ಲಿ ಗೆರೆ ಮತ್ತೆ ಶುರುವಾಗಿತ್ತು. ಆರೂವರೆ. ಏಳು. ಏಳೂವರೆ. ಮಧ್ಯೆ ಒಂದು ತಿಂಗಳು ಏರದೆ ನಿಂತು, ಮತ್ತೆ ಏರಿತ್ತು. "ಹೋದ ತಿಂಗಳು ಒಂಬತ್ತು ಕಾಲು, ಅತ್ತಿಗೆ."

ಅವರು ಪರದೆಯ ಮೇಲೆ ಬೆರಳಿಟ್ಟು ಆ ಗೆರೆಯನ್ನು ಕೆಳಗಿನಿಂದ ಮೇಲಿನವರೆಗೆ ಸವರಿದರು, ಮಗುವಿನ ಬೆನ್ನು ಸವರುವ ಹಾಗೆ.

"ಅಲ್ಲೂ ಯಾವ್ಳೋ ಒಬ್ಳು ತೂಗ್ತಾವ್ಳೆ ಕಣಮ್ಮಿ. ಒಂದು ತಿಂಗ್ಳೂ ಬುಟ್ಟಿಲ್ಲ ನೋಡು," ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅವ್ಳು ಮೆತ್ತಗೆ ಬುದ್ಧಿ ಏಳ್ತಾಳೇನೋ ತಾಯಿಗೆ."

ಸಂಜೆ ಅತ್ತಿಗೆ ತಮ್ಮೂರಿಗೆ ಹೋಗಲಿಲ್ಲ. ನಮ್ಮ ಜಗಲಿಯ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಕುಳಿತರು. ನಾನು ದೀಪ ಹಚ್ಚಿದೆ, ಅನ್ನಕ್ಕಿಟ್ಟೆ, ಬೆಳಿಗ್ಗೆಯ ಸೊಪ್ಪು ಸೋಸಿದೆ. ಹೊರಗೆ ಬಂದು ನೋಡಿದರೆ ಹಾಗೆಯೇ ಇದ್ದರು. ಪಕ್ಕದ ಮನೆಯಾಕೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ರೀ, ನಿಮ್ಮತ್ಗೆಮ್ಮ ಆಗ್ಲಿಂದ ಒಂದೇ ಕಡೆ ಕುಂತವ್ರೆ. ಮೈಗೆ ಉಸಾರಿಲ್ವಾ?"