ಮಾವನ ಲೇಸರ್, ನನ್ನ ಚಾರ್ಜರ್

ನಮ್ಮ ಸೋದರಮಾವನ ಕಣ್ಣುಗಳನ್ನು ಹೊಸಕೆರೆಹಳ್ಳಿಯಲ್ಲಿ ಯಾರೂ ಸರಿಯಾಗಿ ನೋಡಿಲ್ಲ. ಅವು ಸದಾ ಹಸಿರು ಕನ್ನಡಕದ ಹಿಂದೆ ಇರುತ್ತವೆ. ಅಂಚೆ ಕಚೇರಿಯಿಂದ ನಿವೃತ್ತರಾದವರು ವಾಕಿಂಗ್ ಹೋಗಬಾರದೆ? ಇವರು ಪ್ಲೈವುಡ್ ಕತ್ತರಿಸುವ ಪುಟ್ಟ ಲೇಸರ್ ಯಂತ್ರ ತರಿಸಿ, ತಾರಸಿಯ ಶೀಟಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದರು. ಅದರ ಜೊತೆ ಬಂದ ಕನ್ನಡಕವನ್ನು ತರಕಾರಿ ಅಂಗಡಿಗೂ ಹಾಕಿಕೊಂಡು ಹೋಗುತ್ತಾರೆ!

"ಏನಮ್ಮ, ಟೊಮೇಟೊ ಎಲ್ಲಾ ಕಪ್ಪಗಿದೆ?"

"ಕನ್ನಡಕ ತೆಗೀರಿ ಅಂಕಲ್, ಹಣ್ಣಾಗ್ಬಿಡುತ್ತೆ."

ಬೀದಿಗೆಲ್ಲ ನಾಮಫಲಕ ಅವರದೇ. ಎದುರು ಮನೆಯವರಿಗಂತೂ ಕೇಳದೆಯೇ 'ನಾಯಿ ಇದೆ, ಎಚ್ಚರಿಕೆ' ಎಂದು ಕತ್ತರಿಸಿಕೊಟ್ಟರು. ಅವರಲ್ಲಿ ನಾಯಿಯೇ ಇರಲಿಲ್ಲ. ಫಲಕ ಎಷ್ಟು ಚೆನ್ನಾಗಿತ್ತೆಂದರೆ ತಿಂಗಳೊಳಗೆ ನಾಯಿ ತಂದರು! ಇದು ನಡೆದದ್ದೇ, ಅಥವಾ ನಾನು ಹೇಳಿ ಹೇಳಿ ನಡೆದುಹೋಯಿತೇ? ಗೊತ್ತಿಲ್ಲ. ನಾಯಿಯಂತೂ ಇದೆ, ನನ್ನನ್ನು ಕಂಡರೆ ಬೊಗಳುತ್ತದೆ.

ಇಂಥ ಯಂತ್ರ ಒಂದು ಸೋಮವಾರ ಕೈಕೊಟ್ಟಿತು. ಪ್ಲೈವುಡ್ಡನ್ನು ಬೆಣ್ಣೆಯಂತೆ ಸೀಳುತ್ತಿದ್ದ ಬೆಳಕು ಕಂದು ಗೀಟೊಂದನ್ನು ಎಳೆದು ಸುಮ್ಮನಾಗುತ್ತಿತ್ತು. ಮಾವ ಲೆನ್ಸನ್ನು ಸ್ಪಿರಿಟ್ಟಿನಿಂದ ಒರೆಸಿದರು. ಫೋಕಸ್ ಬದಲಿಸಿದರು. ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿದರು, ಸರಿಯಿತ್ತು. ಹೊಸ ಅಡಾಪ್ಟರ್ ಹಾಕಿದರು. ಕೊನೆಗೆ ಪ್ಲೈವುಡ್ಡಿಗೇ ಬೈದರು.

"ದೃಷ್ಟಿ ತೆಗೀಲೇನ್ರೀ?" ಎಂದರು ಅತ್ತೆ.

"ತೆಗಿ, ಅದೊಂದು ಬಾಕಿ ಇದೆ."

ಮೆಣಸಿನಕಾಯಿ ಘಾಟಿಗೆ ನಾವು ಮೂವರೂ ಕೆಮ್ಮಿದೆವು. ಯಂತ್ರ ಕೆಮ್ಮಲೂ ಇಲ್ಲ.

ರಿಪೇರಿಯವನು ಬಂದು ಬಿಚ್ಚಿದ. "ಡಯೋಡ್ ಹೋಗಿದೆ ಸಾರ್. ಬೆಳಕು ಕೊಡೋದೇ ಅದು. ಬಿಸಿಯಾಗಿ ಸತ್ತಿದೆ. ಫ್ಯಾನ್ ಹಾಕ್ದೆ ಓಡ್ಸಿದೀರಾ?"

ಡಯೋಡನ್ನು ತಣ್ಣಗಿಡುವ ಹಳೆಯ ಫ್ಯಾನ್ ಕೆಟ್ಟಿದ್ದರಿಂದ ಮಾವ ಹೊಸದೊಂದನ್ನು ಕೂರಿಸಿ, ಅದಕ್ಕೆ ಬೇರೆಯೇ ಪ್ಲಗ್ ಕೊಟ್ಟಿದ್ದರು.

"ನಾನಾ? ಫ್ಯಾನ್ ಹಾಕೋದು ಮರೆತ್ನಾ?" ಮಾವನ ದನಿ ಸಣ್ಣಗಾಯಿತು.

ಪಕ್ಕದಲ್ಲೇ ನಿಂತಿದ್ದ ನಾನು ಕೈಯಲ್ಲಿದ್ದ ಫೋನನ್ನು ಬೆನ್ನ ಹಿಂದೆ ಸರಿಸಿದೆ.

ಆ ಸೋಮವಾರದ ಹಿಂದಿನ ದಿನ "ಸ್ವಲ್ಪ ನೋಡ್ಕೋ ಪುಟ್ಟಿ" ಎಂದು ಅವರು ಕಾಫಿಗೆ ಇಳಿದಾಗ, ಯಂತ್ರ ಓಡುತ್ತಿರುವಾಗಲೇ ಆ ಪ್ಲಗ್ ಕಿತ್ತು ನನ್ನ ಫೋನ್ ಚಾರ್ಜಿಗೆ ಹಾಕಿದ್ದೆ. ಅವರ ಚಪ್ಪಲಿ ಸದ್ದು ಕೇಳಿ ವಾಪಸ್ ಚುಚ್ಚಿದ್ದೆ. ಅಥವಾ ನಾನು ಕಿತ್ತದ್ದು ಬೇರೆ ಪ್ಲಗ್ಗೇ? ಡೈರಿ ತೆಗೆದೆ. 'ಮಾವನ ಮನೆ. ಅವರೆಕಾಳು ಉಪ್ಪಿಟ್ಟು' ಎಂದಷ್ಟೇ ಇತ್ತು. ಎಂ.ಎ.ಯಲ್ಲಿ ಓದಿದ, ನೆನಪನ್ನು ನಂಬಬಾರದೆಂಬ ವಾದವನ್ನು ಎಷ್ಟು ಅನುಕೂಲಕ್ಕೆ ಬಳಸಿಕೊಂಡೆ ನೋಡಿ!

ಮಾವ ಮಾತ್ರ ಬದಲಾದರು. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುವರು. ಬೀಗ ಹಾಕಿ ಬೀದಿ ತುದಿಯಿಂದ ಹಿಂದಿರುಗುವರು. ಹೊಸ ಡಯೋಡ್ ಹಾಕಿಸಲು ಒಪ್ಪಲಿಲ್ಲ. "ಯಾರಿಗಾದ್ರೂ ಕೊಟ್ಬಿಡೋಣ. ಮನೆ ಸುಟ್ಟಾಕಿದ್ರೆ?" ಅವರ ತಂದೆ, ನನ್ನ ತಾತ, ಕೊನೆಗೆ ಮಕ್ಕಳ ಹೆಸರನ್ನೇ ಮರೆತಿದ್ದರು. ಅದು ತಮಗೂ ಬಂತೆಂದು ಮಾವ ತೀರ್ಮಾನಿಸಿಬಿಟ್ಟಿದ್ದರು. ಇಷ್ಟಾದರೂ ಬಾಯಿ ಬಿಡದ ನನ್ನನ್ನು ಏನೆಂದು ಕರೆಯುವುದು?

ಮರೆವಿನ ಪರೀಕ್ಷೆಗೆ ಜಯನಗರದ ಕ್ಲಿನಿಕ್ಕಿಗೆ ಅವರನ್ನು ಕರೆದುಕೊಂಡು ಹೋದವಳೂ ನಾನೇ. ಕಾಯುತ್ತಾ ಕುಳಿತ ಮಾವ ಕಣ್ಣು ಮುಚ್ಚಿ ಏನೋ ಪಿಟಿಪಿಟಿ ಎನ್ನುತ್ತಿದ್ದರು. ಮಂತ್ರವೆಂದುಕೊಂಡೆ. ಕಿವಿಗೊಟ್ಟರೆ, ಮನೆಯವರೆಲ್ಲರ ಹೆಸರು. ನನ್ನ ಹೆಸರನ್ನು ಎರಡು ಸಲ ಹೇಳಿಕೊಂಡರು.

"ಮಾವ, ಫ್ಯಾನ್ ಪ್ಲಗ್ ಕಿತ್ತಿದ್ದು ನಾನು. ಚಾರ್ಜರ್ ಹಾಕಕ್ಕೆ. ನೀವು ಮರೀಲಿಲ್ಲ."

ಬೈಗುಳಕ್ಕೆ ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ.

"ನಿಜ ಹೇಳು. ನನ್ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನಿಮ್ಮಾಣೆ ಮಾವ. ನಾನೇ."

ಅವರು ನನ್ನ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳೇ ಪುಟ್ಟಿ," ಎಂದರು.