ಚಾವಡಿ ಕಂಬಕ್ಕೆ ಫೈಬರ್ ಅಂಗಿ

"ದುರ್ಬೀನಿನ ಕೊಳವೆ ನಾನೇ ಮಾಡ್ತೇನೆ. ಗಂಡಸರು ಬದಿಗೆ ನಿಲ್ಲಿ!"

ಗುಣವತಿ ಹೀಗೆ ಸಾರಿದಾಗ ಜೆಪ್ಪಿನ ಆ ಮನೆಯಲ್ಲಿದ್ದ ಗಂಡಸು ಮೈದುನ ಜಯಪಾಲ ಒಬ್ಬನೇ. ಅವನು ಬದಿಗೇ ನಿಂತಿದ್ದ.

ಗಂಡ ಸರ್ವೋತ್ತಮ ಗಾಜು ಉಜ್ಜಿ ಉಜ್ಜಿ ದುರ್ಬೀನಿಗೆ ಕನ್ನಡಿ ಮಾಡಿಟ್ಟು, ಕೊಳವೆ ಮಾಡುವ ಮೊದಲೇ ತೀರಿಹೋಗಿದ್ದರು. ಅದು ಧೂಮಕೇತು ಬರುವ ವರ್ಷ.

"ಕನ್ನಡಿಯನ್ನು ಶಾಲೆಗೆ ಕೊಡುವ, ಅತ್ತಿಗೆ."

"ಧೂಮಕೇತು ಹೋಗುವುದರೊಳಗೆ ನನ್ನಿಂದ ಆಗದಿದ್ದರೆ ತಕ್ಕೊಂಡು ಹೋಗು. ಅವರು ನೋಡಬೇಕೆಂದದ್ದನ್ನು ನಾನು ನೋಡ್ತೇನೆ!"

ಆದರೆ ಯಾವುದರಿಂದ ಮಾಡುವುದು? ಕಬ್ಬಿಣ ಕಡಲಗಾಳಿಗೆ ತುಕ್ಕು. ಎತ್ತಿದರೆ ಸೊಂಟವೂ ಹೋಯಿತು. ಹಲಗೆ ಮಳೆಗೆ ಉಬ್ಬುತ್ತದೆ. ರಟ್ಟು ಗೆದ್ದಲಿಗೆ ಊಟ. ಹಿಂದಿನ ತಾರಸಿಗೆ ಒಬ್ಬಳೇ ಹೊರಬೇಕು. ಹಗುರವೂ ಬೇಕು, ಬಾಳಿಕೆಯೂ ಬೇಕು. ಬೋಳಾರದಲ್ಲಿ ದೋಣಿ ರಿಪೇರಿ ಮಾಡುವ ಯಾಹ್ಯಾ ಫೈಬರ್ ಬಟ್ಟೆಯನ್ನೂ ಅದಕ್ಕೆ ಮೆತ್ತುವ ರೆಸಿನ್ ಅಂಟನ್ನೂ ಕೊಟ್ಟ.

"ದುಂಡಗಿನ ಎಂತದಕ್ಕಾದ್ರೂ ಸುತ್ತಿ ಅಕ್ಕ. ಮೊದಲು ಮೇಣ ಬಳಿಯಿರಿ. ಗಟ್ಟಿಯಾದ ಮೇಲೆ ಜಾರಿಸಿ ತೆಗೆಯಿರಿ."

ದುಂಡಗಿನದ್ದು ಎಂತ ಉಂಟು? ಮನೆಯ ಮುಂದಿನ ಚಾವಡಿಯ ಕಂಬ! ಕನ್ನಡಿ ಹಿಡಿದು ನೋಡಿದಳು. ಅಳತೆ ಸರಿ. ಮೇಣ ಬಳಿದಳು, ಬಟ್ಟೆ ಸುತ್ತಿದಳು, ರೆಸಿನ್ ಮೆತ್ತಿದಳು, ಮತ್ತೆ ಸುತ್ತಿದಳು. ಮೊಣಕೈವರೆಗೆ ತುರಿಕೆ. ಬಿಡಲಿಲ್ಲ.

ಮರುದಿನ ಕೊಳವೆ ಕಲ್ಲಿನಂತೆ ಗಟ್ಟಿ! ಮೇಲಕ್ಕೆ ತಳ್ಳಿದರೆ ಬೆಣ್ಣೆಯಂತೆ ಜಾರಿತು. ಕೆಳಕ್ಕೆ ಎಳೆದರೂ ಜಾರಿತು. ಮೇಲೆ ಹಂಚಿನ ಮಾಡು, ಕೆಳಗೆ ನೆಲ.

ಜಯಪಾಲ ಕಾಫಿ ಲೋಟ ಕೆಳಗಿಟ್ಟ. "ಅತ್ತಿಗೆ, ಇದು ಹೊರಗೆ ಬರುವುದು ಹೇಗೆ?"

"ಬಾಯಿ ಮುಚ್ಚು."

"ಗರಗಸ ತರ್ತೇನೆ. ಉದ್ದಕ್ಕೆ ಸೀಳುವ."

"ಕೊಳವೆ ಮುಟ್ಟಿದರೆ ನಿನ್ನ ಕೈ ಸೀಳ್ತೇನೆ. ಕಂಬ ತೆಗೆ!"

"ಕಂಬವಾ? ಮತ್ತೆ ಮಾಡು ಎಂತ, ನಿಮ್ಮ ತಲೆಯ ಮೇಲೆ ನಿಲ್ತದಾ?"

"ಬಿದ್ದರೆ ಬೀಳಲಿ. ಅವರೇ ಹೋದರು. ಇನ್ನು ಮಾಡು ಯಾವ ದೊಡ್ಡ ಸಂಗತಿ?"

ಜಯಪಾಲ ತೊಲೆಗೆ ತೆಂಗಿನ ಮರದ ತುಂಡೊಂದನ್ನು ಆಧಾರ ಕೊಟ್ಟು ಕಂಬ ಎಳೆದ. ಕೊಳವೆ ಕಳಚಿತು. ಅದರ ಹಿಂದೆಯೇ ಆಧಾರವೂ ಜಾರಿತು! ಇಬ್ಬರೂ ಅಂಗಳಕ್ಕೆ ಹಾರಿದರು. ಚಾವಡಿಯ ಹಂಚುಗಳೆಲ್ಲ ಚೆಂಡೆ ಬಾರಿಸಿದ ಹಾಗೆ ಉದುರಿದವು.

ಧೂಳು ಇಳಿದ ಮೇಲೆ ಗುಣವತಿ ರಾಶಿಯ ಅಡಿಯಿಂದ ಕೊಳವೆ ಎಳೆದಳು. ಒಂದು ಗೀರೂ ಇಲ್ಲ! ಹೆಗಲಿಗೇರಿಸಿ ಹಿಂದಿನ ಮೆಟ್ಟಿಲ ಕಡೆ ಹೊರಟಳು.

"ನೋಡಿದೆಯಾ? ಕೋಳಿಮರಿಯಷ್ಟೂ ಭಾರ ಇಲ್ಲ! ತಾರಸಿಗೆ ಹೊರಲು ನಾನೊಬ್ಬಳೇ ಸಾಕು."

ಜಯಪಾಲ ಚಾವಡಿಯ ನಡುವೆ ನಿಂತು ಮೇಲೆ ನೋಡುತ್ತಿದ್ದ.

"ತಾರಸಿ ಯಾಕೆ ಅತ್ತಿಗೆ? ಆಕಾಶ ಚಾವಡಿಗೇ ಬಂದುಂಟಲ್ಲ."

ಗುಣವತಿಯೂ ಮೇಲೆ ನೋಡಿದಳು. ಕೊಳವೆಯನ್ನು ಮೆಲ್ಲನೆ ಕೆಳಗಿಟ್ಟಳು.

"ನಿಂತು ನೋಡುವುದೆಂತ? ಕನ್ನಡಿ ಇಲ್ಲಿಗೇ ತಾ."